ಕಂಬದ ರಸ್ತೆಯ ಬಿಸಿಲು

ಸಕಲೇಶಪುರದ ಹೊಳೆದಂಡೆಯ ಮೇಲೆ ಹೋಗುವ ಎತ್ತರದ ರಸ್ತೆಗೆ ಸರ್ಕಾರ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕೆತ್ತಿದ ಕಲ್ಲೂ ಇತ್ತು. ಆ ಕಲ್ಲಿನ ಮೇಲೆ ಯಾರೋ ಪೋಸ್ಟರು ಅಂಟಿಸಿ, ಮಳೆ ಅದನ್ನು ಕಿತ್ತು, ಮತ್ತೊಬ್ಬರು ಇನ್ನೊಂದು ಅಂಟಿಸಿ, ಹೆಸರು ಯಾರಿಗೂ ನೆನಪಿಲ್ಲದ ಹಾಗಾಗಿತ್ತು. ಊರಿನವರ ಬಾಯಲ್ಲಿ ಅದು ಕಂಬದ ರಸ್ತೆ. ಮಳೆಗಾಲದಲ್ಲಿ ಹೇಮಾವತಿ ದಂಡೆ ಹತ್ತಿ ಬಂದರೂ ಮಂಗಳೂರಿನ ಲಾರಿಗಳು ನಿಲ್ಲಬಾರದೆಂದು, ಹೊಳೆಯ ಉದ್ದಕ್ಕೂ ಕಂಬ ನಿಲ್ಲಿಸಿ ಅದರ ನೆತ್ತಿಯ ಮೇಲೆ ರಸ್ತೆ ಹಾಸಿದ್ದರು. ಗಂಗಾಮಣಿ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು ಅದು.

ಊರ ಹೊರಗೆ ಹೊಸ ಹೆದ್ದಾರಿ ಬಂದ ಮೇಲೆ ಲಾರಿಗಳು ಅತ್ತ ತಿರುಗಿದವು. ಕಂಬದ ರಸ್ತೆಗೆ ಮುಪ್ಪು ಬಂತು. ಅಡಿಯಲ್ಲಿ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳುಗಳು ಇಣುಕಿದವು. ಬದಿಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಎದ್ದಿತು. ಒಂದು ಮಳೆಗಾಲದಲ್ಲಿ ಕಾಂಕ್ರೀಟಿನ ತುಂಡೊಂದು ಕೆಳಗಿನ ಮೀನಂಗಡಿಯ ತಗಡಿನ ಮೇಲೆ ಬಿತ್ತು. ಪುಣ್ಯಕ್ಕೆ ಅಂಗಡಿಯೊಳಗೆ ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ಎರಡೂ ತುದಿಗೆ ದೊಡ್ಡ ಗಾಡಿ ನುಗ್ಗದ ಹಾಗೆ ಕಬ್ಬಿಣದ ಕಮಾನು ಹಾಕಿದರು. ಸ್ಕೂಟರು, ಆಟೊ, ಕಾಲುನಡಿಗೆಯವರು ಉಳಿದರು. ಅವರ ಹಿಂದೆಯೇ ಕಾಫಿ ಬಂತು.

ಮೊದಲು ತಂದವರು ಯಾರೆಂದು ಈಗ ಹೇಳುವುದು ಕಷ್ಟ. ಎಸ್ಟೇಟಿನವರಿಗೆ ಮನೆಯ ಮುಂದೆ ಸಿಮೆಂಟಿನ ಕಣ ಇರುತ್ತದೆ. ಒಂದೆಕರೆ, ಎರಡೆಕರೆಯವರಿಗೆ ಎಲ್ಲಿಯ ಕಣ? ಸಗಣಿ ಸಾರಿಸಿದ ಅಂಗಳದಲ್ಲಿ, ಮರದ ನೆರಳು ಬೀಳದ ಕಡೆ ಹುಡುಕಿ ಹರವಬೇಕು. ಸಕಲೇಶಪುರ ಇರುವುದು ತಗ್ಗಿನಲ್ಲಿ. ಪುಷ್ಯದ ಮಂಜು ಹೊಳೆಯ ಮೇಲೆ ಕೂತರೆ ಹೊತ್ತು ನೆತ್ತಿಯ ಕಡೆ ತಿರುಗುವವರೆಗೂ ಏಳುವುದಿಲ್ಲ. ಆದರೆ ಕಂಬದ ರಸ್ತೆಯ ಮೇಲೆ ನಿಂತರೆ ಮಂಜು ಕೆಳಗಿರುತ್ತದೆ, ಬಿಸಿಲು ಮೇಲಿರುತ್ತದೆ. ಹೊಳೆಗಾಳಿಯೂ ಉಂಟು. ರಸ್ತೆಯ ಅರ್ಧ ಅಗಲಕ್ಕೆ ಟಾರ್ಪಾಲು ಹಾಸಿ ಕೆಂಪು ಹಣ್ಣು ಹರವಿದರೆ ಬೇರೆ ಕಡೆಗಿಂತ ಬೇಗ ಕರಿದಾಗಿ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು. ಇದು ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು. ಸರ್ಕಾರದ ರಸ್ತೆ. ಆದರೆ ಬೇಡವೆನ್ನಲು ಯಾರೂ ಬಂದಿರಲಿಲ್ಲ.

ಗಂಗಾಮಣಿ ಆ ಕಾಫಿಯ ಕಾವಲಿನವಳು. ಹಿಡಿ ಹಾಕಿದ ಹಲಗೆಯಿಂದ ಆಗಾಗ ಕಾಫಿ ತಿರುವಿ ಹಾಕುವುದು, ದನ ನಾಯಿ ಬಂದರೆ ಓಡಿಸುವುದು, ಹೊತ್ತು ಮುಳುಗುವ ಮೊದಲು ರಾಶಿ ಮಾಡಿ ಮುಚ್ಚುವುದು ಅವಳ ಕೆಲಸ. ಅವಳ ಅಪ್ಪ ಅವ್ವ ಹೆತ್ತೂರು ಕಡೆಯ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದವರು. ಅವ್ವ ಹಾಸಿಗೆ ಹಿಡಿದಾಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅವ್ವ ಹೋದ ಮೇಲೆ ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಎಸ್ಟೇಟಿಗೆ ಹೋದ. ಅವಳು ಊರಿಗೆ ಇಳಿದು ಬಂದು, ಕಂಬದ ರಸ್ತೆಯ ಅಡಿಯಲ್ಲಿ ಹೋಗುವ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಳು. ಸುಗ್ಗಿಯಿಲ್ಲದ ತಿಂಗಳುಗಳಲ್ಲಿ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸ. ಅಲ್ಲಿ ಸಾಲಾಗಿ ಹೆಂಗಸರು ಕೂತಿರುತ್ತಾರೆ ನಿಜ, ಆದರೆ ಮೆಷಿನ್ನಿನ ಗದ್ದಲಕ್ಕೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಮೊದಲೇ ಮಾತು ಕಡಿಮೆಯವಳು. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅವಳ ಗಂಟಲಿನಿಂದ ಹೊರಟದ್ದು ಬಸ್ಸಿನಲ್ಲಿ "ಸ್ವಲ್ಪ ಜಾಗ ಬುಡಿ" ಎಂಬ ಮಾತೊಂದೇ ಆಗಿರುತ್ತಿತ್ತು.

ಕಾಫಿ ಹಾಕಿದವರೆಲ್ಲ ಹಾಕಿ ಹೋಗುತ್ತಿದ್ದರು, ಒಣಗಿದ ಮೇಲೆ ಬರುತ್ತಿದ್ದರು. ಹೋಗದೆ ಕೂರುತ್ತಿದ್ದವರು ಗುರುಶಾಂತಮ್ಮ ಒಬ್ಬರೇ.

ಗುರುಶಾಂತಮ್ಮ ಆಲೂರು ಕಡೆಯ ಹಳ್ಳಿಯವರು. ವಯಸ್ಸಾಗಿತ್ತು, ನಡಿಗೆ ಗಟ್ಟಿಯಿತ್ತು, ಬಾಯಿ ಅದಕ್ಕಿಂತ ಗಟ್ಟಿಯಿತ್ತು. ಕಂಡಕ್ಟರನ ಹತ್ತಿರ ಜಗಳವಾಡಿ ಚೀಲವನ್ನು ಬಸ್ಸಿಗೆ ಹಾಕಿಸಿಕೊಂಡು ಬಂದು, ಆಟೊದವನ ಹತ್ತಿರ ಜಗಳವಾಡಿ ಕಂಬದ ರಸ್ತೆಗೆ ಹತ್ತಿಸಿಕೊಂಡು, ತಮ್ಮ ಟಾರ್ಪಾಲಿನ ಪಕ್ಕ ಗೋಣಿ ಹಾಸಿ ಕೂತರೆ ಸಂಜೆಯ ಬಸ್ಸಿಗೇ ಏಳುವುದು. ಮೊದಲ ವರ್ಷ ಗಂಗಾಮಣಿಗೆ ಅರ್ಥವಾಗಿರಲಿಲ್ಲ. ಕಾವಲಿಗೆ ಜನ ಇರುವಾಗ ಇವರೇಕೆ ಕೂರಬೇಕು? ತನ್ನ ಮೇಲೆ ನಂಬಿಕೆಯಿಲ್ಲವೇನೋ ಎಂದುಕೊಂಡಿದ್ದಳು.

"ನಮ್ಮನೆ ತಾವು ಬಿಸಿಲೇ ಇಲ್ಲ ಕಣ್ ಮಗಾ," ಎಂದಿದ್ದರು ಗುರುಶಾಂತಮ್ಮ. "ಸುತ್ತ ಹಲಸಿನ ಮರ. ಅಂಗಳದಾಗೆ ಹಾಕುದ್ರೆ ಬೂಷ್ಟು ಹಿಡಿದೋಯ್ತದೆ. ಕಣ ಅಂತ ಒಂದಿದ್ದಿದ್ರೆ ನಾನ್ಯಾಕೆ ಈ ಲಡಾಸು ರಸ್ತೆಗೆ ಬರ್ಲಿ, ಹೇಳು."

ಹಾಗೆ ಅವರಿಬ್ಬರದೂ ಶುರುವಾಯಿತು. ಗುರುಶಾಂತಮ್ಮ ಸೆರಗಿನ ಗಂಟಿನಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತರುತ್ತಿದ್ದರು. ತಿನ್ನುವ ಮೊದಲು ಕೊರಳ ಲಿಂಗವನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆ ಒಂದು ಗಳಿಗೆ ಬಿಟ್ಟರೆ ಮಾತು ನಿಲ್ಲುತ್ತಿರಲಿಲ್ಲ. ಯಾರ ಮನೆಯ ಹಸು ಯಾವ ಕರು ಹಾಕಿತು, ಯಾವ ವರ್ಷ ಹೂಮಳೆ ತಪ್ಪಿತು, ತಮ್ಮ ಮದುವೆಯಲ್ಲಿ ಗಂಡಿನ ಕಡೆಯವರು ಪಾಯಸ ಸಾಲದೆಂದು ಎದ್ದು ಹೋದದ್ದು, ಮತ್ತೆ ಹಸಿವು ತಡೆಯದೆ ವಾಪಸು ಬಂದದ್ದು. ಗಂಗಾಮಣಿ ಕಾಫಿ ತಿರುವುತ್ತಾ ಹೂಂಗುಡುತ್ತಿದ್ದಳು. ಎರಡನೇ ವರ್ಷ ಅವಳೂ ಮಾತಾಡತೊಡಗಿದಳು. ಮೊದಲು ಒಂದೊಂದೇ ಮಾತು, ಆಮೇಲೆ ಒಂದರ ಹಿಂದೆ ಒಂದು. ಅವ್ವನ ವಿಷಯ ಅವಳು ಬಾಯಿ ಬಿಟ್ಟು ಹೇಳಿದ್ದು ಗುರುಶಾಂತಮ್ಮನ ಹತ್ತಿರ ಮಾತ್ರ.

"ನೀನು ಮೂಗಿ ಅಂತ ಮಾಡಿದ್ದೆ ಕಣೆ," ಎಂದು ಗುರುಶಾಂತಮ್ಮ ನಕ್ಕಿದ್ದರು. "ಈಗ ನೋಡುದ್ರೆ ನನ್ನೇ ಮಾತಾಡಕ್ಕೆ ಬುಡಲ್ಲ."

"ಹೋಗಿ ದೊಡ್ಡಮ್ಮ. ನಾನೆಲ್ಲಿ ಮಾತಾಡ್ದೆ."

ರಸ್ತೆಯ ಹಾಸಿಗೂ ಹಾಸಿಗೂ ನಡುವೆ ಒಂದು ಸಂದಿಯಿತ್ತು. ಸ್ಕೂಟರು ಹೋದಾಗೆಲ್ಲ ಅದು ದಡಕ್ಕೆನ್ನುತ್ತಿತ್ತು. ಹರವಿದ ಹಣ್ಣು ಒಂದೊಂದು ಉರುಳಿ ಆ ಸಂದಿಯಲ್ಲಿ ಬಿದ್ದು ಕೆಳಗಿನ ಮರಳಿಗೆ ಹೋಗುತ್ತಿತ್ತು. ಅದರಿಂದ ಕಂಬಗಳ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಕಾಫಿ ಸಸಿ ಎದ್ದಿತ್ತು. ಮಳೆಗಾಲದ ಹೊಳೆ ಅವನ್ನು ಕೊಚ್ಚಿಕೊಂಡು ಹೋಗುತ್ತಿತ್ತು, ಮುಂದಿನ ವರ್ಷ ಮತ್ತೆ ಹುಟ್ಟುತ್ತಿದ್ದವು. ಬೀಜ ಆರಿಸುವ ತಿಂಗಳುಗಳಲ್ಲಿ ಕೆಲಸದಿಂದ ಬರುವಾಗ ಗಂಗಾಮಣಿ ಹೊಳೆಯ ಕಡೆ ನೋಡಿಕೊಂಡೇ ಬರುತ್ತಿದ್ದಳು. ನೀರು ಕಂಬದ ಬುಡ ಬಿಟ್ಟು ಇಳಿದು, ಮರಳು ಕಂಡು, ಎಳೆಯ ಸಸಿ ತಲೆಯೆತ್ತಿದರೆ ಇನ್ನೇನು ಸುಗ್ಗಿ ಬಂತು, ಗುರುಶಾಂತಮ್ಮ ಬರುವ ಕಾಲ ಬಂತು ಎಂದು ಲೆಕ್ಕ.

ನಾಲ್ಕು ಸುಗ್ಗಿ ಹೀಗೆ ಕಳೆದಿತ್ತು. ಐದನೆಯದರ ನಡುವೆ ನೋಟಿಸು ಬಂತು.

ಪುರಸಭೆಯವರು ಅದನ್ನು ಕಬ್ಬಿಣದ ಕಮಾನಿಗೆ ಅಂಟಿಸಿ ಹೋಗಿದ್ದರು. ರಸ್ತೆಯ ಮುಂದಿನ ಸ್ಥಿತಿಗತಿಯ ಬಗ್ಗೆ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುತ್ತಾರೆಂದು ಇತ್ತು. ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದು ಸೋಮಯ್ಯ. ಬಸ್ ಕಂಡಕ್ಟರಾಗಿದ್ದು ನಿವೃತ್ತಿಯಾದವರು, ಒಂದೆಕರೆ ತೋಟ ಇಟ್ಟುಕೊಂಡಿದ್ದರು. ಕಂಬದ ರಸ್ತೆಯಲ್ಲಿ ಕಾಫಿ ಹರವುವವರಿಗೆಲ್ಲ ಅವರೇ ಯಜಮಾನರ ಹಾಗೆ. ಯಾವ ಮಾತನ್ನೂ "ರೈಟ್" ಎಂದು ಮುಗಿಸುತ್ತಿದ್ದರು. ಅವರು ಹಾಗೆಂದ ಮೇಲೆ ಬಸ್ಸು ಹೊರಟ ಹಾಗೆಯೇ, ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ.

"ಸ್ಥಳ ಪರಿಶೀಲನೆ ಅಂದ್ರೆ ಏನು ಗೊತ್ತೇನ್ರಯ್ಯಾ?" ಎಂದರು ಸೋಮಯ್ಯ. "ಸರ್ಕಾರಿ ರಸ್ತೇಲಿ ಕಾಫಿ ಒಣಗಿಸ್ತಾವ್ರೆ ಅಂತ ಯಾರೋ ಅರ್ಜಿ ಹಾಕವ್ರೆ. ಬಂದು ನೋಡುದ್ರೆ ಒಬ್ಬೊಬ್ರ ಮೇಲೂ ಕೇಸು. ಒಂದು ಕಾಳು ಕಾಣ್ಬಾರ್ದು ಇಲ್ಲಿ. ಗಾಡಿನೂ ಓಡಿಸ್ಬ್ಯಾಡಿ, ಈ ಕಡೆ ತಲೆನೂ ಹಾಕ್ಬ್ಯಾಡಿ. ಅವ್ರು ಹೋಗೋಗಂಟ ಎಲ್ರೂ ಕೆಳಗಿನ ದಾರೀಲೇ ತಿರುಗಾಡಿ. ರೈಟ್."

ಕಾಫಿಯನ್ನೆಲ್ಲ ತುಂಬಿದರು. ಅರ್ಧ ಒಣಗಿದ್ದನ್ನು ಚೀಲದಲ್ಲಿಟ್ಟರೆ ಕಾವು ಬರುತ್ತದೆಂದು ಗೊತ್ತಿದ್ದರೂ ತುಂಬಿದರು. ಗಂಗಾಮಣಿಯ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಚೀಲ ಪೇರಿಸಿದರು. ರಸ್ತೆಯನ್ನು ಗುಡಿಸಿದರು. ಗುಡಿಸಿದ ಮೇಲೂ ಹಣ್ಣಿನ ರಸದ ಕಲೆ ಉಳಿದಿತ್ತು, ಅದನ್ನು ನೀರು ಹೊತ್ತು ಉಜ್ಜಿ ತೊಳೆದರು. ಇಷ್ಟು ವರ್ಷದಲ್ಲಿ ಆ ರಸ್ತೆ ಅಷ್ಟು ಚೊಕ್ಕಟವಾದದ್ದು ಅದೇ ಮೊದಲು.

ಗುರುಶಾಂತಮ್ಮ ತಮ್ಮ ಚೀಲ ಕಟ್ಟಿ, ಗಂಗಾಮಣಿಯನ್ನು ಜೊತೆಗೆ ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಹೋದ ವರ್ಷ ಪೊಲೀಸಿನವನೊಬ್ಬ ಕಾಫಿಯ ಮೇಲೆ ಬೈಕು ಹತ್ತಿಸಿದಾಗ ಅವನ ತಾಯಿಯ ಊರು ಕೇಳಿ, ತಾತನ ಹೆಸರು ಕೇಳಿ, ಕೊನೆಗೆ ಅವನ ಕೈಯಲ್ಲೇ ಕಾಫಿ ಸರಿ ಮಾಡಿಸಿದ್ದ ಹೆಂಗಸು ಈಗ ಏನೂ ಅನ್ನಲಿಲ್ಲ.

"ಮತ್ತೆ ಬರ್ತೀರಲ್ಲ ದೊಡ್ಡಮ್ಮ, ಅವ್ರು ಹೋದ್ಮೇಲೆ?"

"ನೋಡನ ಮಗಾ. ಇದನ್ನ ಹೊತ್ಕೊಂಡು ಎಷ್ಟ್ ಸಲ ಅಂತ ತಿರುಗಾಡ್ಲಿ. ಮನೇಲೂ ಕೇಳ್ತಾರೆ."

ಬಸ್ಸು ಹೋದ ಮೇಲೂ ಗಂಗಾಮಣಿ ಅಲ್ಲೇ ನಿಂತಿದ್ದಳು. ಮನೆಯಲ್ಲಿ ಏನು ಕೇಳುತ್ತಾರೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಪರಿಶೀಲನೆಗೆ ಬಂದ ಇಂಜಿನಿಯರು ನವೀನ್‌ಕುಮಾರ್ ಎಂಬವರು. ಕೆಳಗೆ ಹೋಗಿ ಕಂಬಗಳನ್ನು ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರು, ಬಿರುಕುಗಳ ಫೋಟೊ ತೆಗೆದರು. ಕಂಬದ ಬುಡದಲ್ಲಿ ಕಾಫಿ ಸಸಿ ಕಂಡು ನಿಂತರು.

"ಮರಳಲ್ಲಿ ಕಾಫಿ ಗಿಡ ಹೇಗೆ ಬಂತು?"

"ಹಕ್ಕಿ ಹಾಕಿರ್ಬೇಕು ಸಾ," ಎಂದರು ಸೋಮಯ್ಯ, ಕಣ್ಣು ಮಿಟುಕಿಸದೆ. "ನಮ್ಮ ಕಡೆ ಹಕ್ಕಿ ಜಾಸ್ತಿ."

ಸುತ್ತಿಗೆಯವರು ಅಂದೇ ಹೋದರು. ಆದರೆ ಅವರ ಜೊತೆ ಬಂದಿದ್ದ ಒಬ್ಬ ಉಳಿದ. ಕೊರಳಿಗೆ ಮಫ್ಲರು ಸುತ್ತಿಕೊಂಡ ನಡುವಯಸ್ಸಿನವನು. ರಸ್ತೆಯ ಮೇಲೆ, ಕಮಾನಿನ ಹತ್ತಿರ, ದೊಡ್ಡ ಛತ್ರಿಯಡಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಮುಷ್ಟಿಯಲ್ಲಿ ಪುಟ್ಟದೊಂದು ಗುಂಡಿಯಿರುವ ಯಂತ್ರ ಹಿಡಿದಿದ್ದ. ಮರುದಿನವೂ ಅವನು ಕೂತಿದ್ದ. ಸೋಮಯ್ಯನ ಮಾತಿನಂತೆ ಊರಿನವರು ಕೆಳಗಿನ ದಾರಿಯಲ್ಲಿ, ಕೆಸರು ತುಳಿದುಕೊಂಡು, ಸುತ್ತಿ ಬಳಸಿ ಓಡಾಡಿದರು. ಆ ತುದಿಯ ಮನೆಗಳಿಗೆ ಹಾಲು ಹಾಕುವವರು ಕೂಡ ಮೇಲೆ ಹತ್ತಲಿಲ್ಲ.

ಗಂಗಾಮಣಿ ಅವನನ್ನು ಕೆಳಗಿನಿಂದ ನೋಡುತ್ತಿದ್ದಳು. ಬೇರೆ ಕೆಲಸವೂ ಇರಲಿಲ್ಲ. ಅವನು ರಸ್ತೆಯ ಕಲೆ ನೋಡುತ್ತಿರಲಿಲ್ಲ, ಸಂದಿಯಲ್ಲಿ ಕಾಳು ಹುಡುಕುತ್ತಿರಲಿಲ್ಲ. ಸುಮ್ಮನೆ ದಾರಿ ನೋಡುತ್ತಿದ್ದ. ಪರವೂರಿನ ಯಾರೋ ಒಬ್ಬ ಸ್ಕೂಟರಿನಲ್ಲಿ ಹೋದ. ಮಫ್ಲರಿನವನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ಬಹಳ ಹೊತ್ತು ಅಲ್ಲಾಡಲಿಲ್ಲ.

ಅವಳು ಕೊಡ ತೆಗೆದುಕೊಂಡು ಮೇಲೆ ಹತ್ತಿದಳು. ಅವನ ಮುಂದೆ ಹಾದುಹೋದಳು. ಟಿಕ್ ಎಂದಿತು. ಆ ತುದಿಯವರೆಗೆ ಹೋಗಿ ತಿರುಗಿ ಬಂದಳು. ಟಿಕ್. ಮೂರನೆಯ ಸಲ ಅವನು ಗುಂಡಿ ಒತ್ತದೆ ನಕ್ಕ.

"ಏನಮ್ಮ, ಖಾಲಿ ಕೊಡ ತಗೊಂಡು ಎಲ್ಲಿಗೆ?"

ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು. ಓಡಿಹೋಗಬೇಕು ಎನಿಸಿತು. ಕಾಲು ನಿಂತೇ ಇತ್ತು.

"ಏನು ಎಣಿಸ್ತಾ ಇದೀರಾ?" ಎಂದಳು.

"ಜನಾನ. ಗಾಡೀನ. ಈ ರಸ್ತೆ ಯಾರಾದ್ರೂ ಬಳಸ್ತಾರಾ ಅಂತ ನೋಡ್ಬೇಕಂತೆ. ಯಾರೂ ಬರಲ್ವಲ್ಲಮ್ಮ ಇಲ್ಲಿ. ಕೂತು ಕೂತು ಸೊಂಟ ಹಿಡ್ಕೊಂತು."

"ಯಾರೂ ಬರದಿದ್ರೆ?"

"ಬರದಿದ್ರೆ ಯಾಕೆ ಉಳಿಸ್ಕೋತಾರೆ? ಬೀಳಿಸ್ತಾರೆ." ಅವನು ಆಕಳಿಸಿದ. "ನೀವು ಇನ್ನು ಓಡಾಡಿದ್ರೂ ಒತ್ತಲ್ಲ ನಾನು. ಒಬ್ರನ್ನೇ ಎಷ್ಟು ಸಲ ಎಣಿಸೋದು?"

ಅವಳು ಇಳಿದು ಓಡಿದಳು. ಸೋಮಯ್ಯ ಹೋಟೆಲಿನ ಬೆಂಚಿನ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಅವಳಿಗೆ ಹೊಳೆ ಈಜಿದ ಹಾಗೆ. ಆದರೂ ಹೇಳಿದಳು.

"ಸೋಮಯ್ಯನೋರೇ, ಅವ್ರು ಕಾಫಿ ನೋಡಕ್ಕೆ ಬಂದಿಲ್ಲ. ಜನಾನ ಎಣಿಸ್ತಾವ್ರೆ. ಎಲ್ರೂ ಮೇಲೆ ಓಡಾಡ್ಬೇಕು. ಇಲ್ದಿದ್ರೆ ರಸ್ತೆ ಬೀಳಿಸ್ತಾರಂತೆ."

ಅವಳ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ. ಸೋಮಯ್ಯ ಕಾಫಿಯ ಲೋಟ ಕೆಳಗಿಟ್ಟರು.

"ಅದೇ ಕಣವ್ವ ಅವ್ರ ಉಪಾಯ. ಎಲ್ರನ್ನೂ ಮೇಲೆ ಕರ್ಸಿ, ಹೆಸ್ರು ಬರ್ಕೊಂಡು, ನಾಳೆ ಕೇಸು. ನಾನು ಎಷ್ಟ್ ಜನ ಚೆಕಿಂಗ್‌ನೋರ್ನ ನೋಡಿಲ್ಲ? ಸುಮ್ಕೆ ಕುಂತ್ಕಂಡು ಜನ ಎಣಿಸೋ ಹಂಗೇ ಇರ್ತಾರೆ. ನೀನು ಆ ಕಡೆ ಹೋಗ್ಬ್ಯಾಡ. ರೈಟ್."

ಮಫ್ಲರಿನವನು ಇನ್ನೂ ಒಂದು ದಿನ ಕೂತು, ಛತ್ರಿ ಮಡಚಿಕೊಂಡು ಹೋದ. ಅವನು ಹೋದ ಕೂಡಲೇ ಚೀಲಗಳು ಮೇಲೆ ಹತ್ತಿದವು. ಸ್ಕೂಟರು, ಹಾಲಿನವರು, ಆಟೊ ಎಲ್ಲ ಬಂದವು. ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಿದೆವೆಂದು ಜನ ಖುಷಿಯಾಗಿದ್ದರು. ಗುರುಶಾಂತಮ್ಮ ಬರಲಿಲ್ಲ. ಅವರ ಟಾರ್ಪಾಲಿನ ಜಾಗವನ್ನು ಗಂಗಾಮಣಿ ಬೇರೆ ಯಾರಿಗೂ ಬಿಡದೆ ಖಾಲಿ ಉಳಿಸಿಕೊಂಡು, ಆ ಸುಗ್ಗಿ ಮುಗಿಸಿದಳು.

ಹೂಮಳೆ ಬಿದ್ದು ತೋಟಗಳು ಬೆಳ್ಳಗೆ ಅರಳಿದ ಹೊತ್ತಿಗೆ ಸಭೆಯ ಸುದ್ದಿ ಬಂತು. ಕಂಬದ ರಸ್ತೆಯನ್ನು ಉಳಿಸುವುದೋ ಕೆಡವುವುದೋ, ಸಾರ್ವಜನಿಕರು ಬಂದು ಹೇಳಬಹುದು ಎಂದು ಆಟೊದಲ್ಲಿ ಮೈಕು ಹಾಕಿ ಸಾರಿದರು. ಗಂಗಾಮಣಿಗೆ ಒಂದೇ ಯೋಚನೆ. ಸಭೆಯಲ್ಲಿ ಎದ್ದು ನಿಂತು ಮಾತಾಡುವ ಎದೆ ಇರುವುದು ಗುರುಶಾಂತಮ್ಮನಿಗೆ. ಕೇಸಿಗೆ ಹೆದರುವವರಲ್ಲ ಅವರು. ಮನೆಯಲ್ಲಿ ಕಣವಿಲ್ಲ, ಬಿಸಿಲಿಲ್ಲ, ಈ ರಸ್ತೆ ಬಿಟ್ಟರೆ ನನಗೆ ಗತಿಯಿಲ್ಲ ಎಂದು ಅವರು ಒಂದು ಮಾತು ಅಂದರೆ ಸಾಕು, ಉಳಿದವರಿಗೂ ಬಾಯಿ ಬರುತ್ತದೆ.

ಅವಳು ಅವರ ಊರಿಗೆ ಯಾವತ್ತೂ ಹೋಗಿರಲಿಲ್ಲ. ಕೆಲಸಕ್ಕೆ ರಜೆ ಹಾಕಿ, ಒಂದು ಪೊಟ್ಟಣ ಖಾರಾಬೂಂದಿ ಕಟ್ಟಿಸಿಕೊಂಡು, ಆಲೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿರುವಿ ಹಾಕಿಕೊಂಡಳು. ಆಲೂರು ಸಮೀಪಿಸಿದಂತೆ ಗುಡ್ಡಗಳು ತಗ್ಗಿದವು, ಆಕಾಶ ಅಗಲವಾಯಿತು. ಇಲ್ಲಿ ಮಂಜಿನ ಗುರುತೇ ಇರಲಿಲ್ಲ. ಬಸ್ಸಿಳಿದು ಕೇಳಿಕೊಂಡು ನಡೆಯುವಾಗ ಬಿಸಿಲು ನೆತ್ತಿಗೆ ಚುರುಕೆನ್ನುತ್ತಿತ್ತು.

ಗುರುಶಾಂತಮ್ಮನ ಮನೆ ಊರ ತುದಿಯಲ್ಲಿತ್ತು. ಮುಂದೆ ಗೇಟು. ಗೇಟಿನೊಳಗೆ ಕಣ.

ಗಂಗಾಮಣಿ ಗೇಟು ಹಿಡಿದು ನಿಂತಳು. ಸಿಮೆಂಟಿನ ಕಣ, ಮನೆಗಿಂತ ಅಗಲ. ಅಂಚು ಕಟ್ಟಿ, ನೀರು ಹರಿಯಲು ಇಳಿಜಾರು ಬಿಟ್ಟು ಮಾಡಿದ್ದು. ಹೊಸದಲ್ಲ. ಅಂಚುಗಳು ಸವೆದು ನುಣುಪಾಗಿದ್ದವು, ಎಷ್ಟೋ ಸುಗ್ಗಿ ಕಂಡ ಕಣ. ಅದರ ಮೇಲೆ ಒಂದು ಎಲೆಯ ನೆರಳೂ ಇರಲಿಲ್ಲ. ಹಲಸಿನ ಮರ ಒಂದಿತ್ತು, ಮನೆಯ ಹಿಂದೆ, ದೂರ. ಕಣದ ಒಂದು ಮೂಲೆಯಲ್ಲಿ ಮೆಣಸು ಒಣಗುತ್ತಿತ್ತು. ಉಳಿದದ್ದೆಲ್ಲ ಖಾಲಿ ಬಿಸಿಲು.

ಮೆಣಸು ತಿರುವುತ್ತಿದ್ದ ಹೆಂಗಸು ತಲೆಯೆತ್ತಿದಳು. ಮುಖದಲ್ಲಿ ನಗು ಇತ್ತು. "ಯಾರು ಬೇಕಿತ್ತವ್ವ?"

"ಇದು... ಗುರುಶಾಂತಮ್ಮನೋರ ಮನೆಯಾ?"

"ಹೂಂ, ನಮ್ಮತ್ತೆ. ನಾನು ಸೊಸೆ ಶ್ವೇತಾ. ಬಾ ಒಳಕ್ಕೆ. ಎಲ್ಲಿಂದ?"

"ಸಕಲೇಶಪುರ."

"ಓ!" ಎಂದು ಶ್ವೇತಾ ನಕ್ಕಳು. "ಅಲ್ಲಿ ರಸ್ತೆ ಮ್ಯಾಲೆ ಕಾಫಿ ಹಾಕ್ತಾರಲ್ಲ, ಆ ಕಡೆಯೋರಾ? ನಮ್ಮತ್ತೆಗೆ ಅದೇನ್ ಹುಚ್ಚೋ ಕಾಣೆ. ನೋಡು, ಇಷ್ಟ್ ದೊಡ್ಡ ಕಣ ಐತೆ. ಮಾವ ಇದ್ದಾಗ್ಲೇ ಹಾಕ್ಸಿದ್ದು. ನಮ್ ಆಲೂರ್ ಬಿಸಿಲು ಬುಟ್ಟು ಯಾರಾದ್ರೂ ಸಕಲೇಶಪುರದ ಮಂಜಿಗೆ ಕಾಫಿ ಹೊತ್ಕೊಂಡು ಹೋಯ್ತಾರಾ? ಊರೆಲ್ಲ ನಗ್ತದೆ. ನಮ್ಮೆಜಮಾನ್ರು ಕೇಳಿ ಕೇಳಿ ಸಾಕಾದ್ರು. ಹೊಳೆ ಗಾಳೀಲಿ ಒಣಗುದ್ರೆ ರುಚಿ ಬೇರೆ ಅಂತಾರೆ. ಈ ಸಲ ನಡುವೆ ವಾಪಸ್ ತಂದ್ರಲ್ಲ, ಇನ್ ಹೋಗದು ಬ್ಯಾಡ ಅಂತ ನಾವೇ ಹೇಳ್ಬುಟ್ವಿ. ಇರು, ಕರೀತೀನಿ. ಒಳಗೆ ಪೂಜೆಗೆ ಕುಂತವ್ರೆ."

"ಬ್ಯಾಡ!"

ಅಷ್ಟು ಗಟ್ಟಿ ಬಂದ ತನ್ನ ದನಿಗೆ ಗಂಗಾಮಣಿಯೇ ಬೆಚ್ಚಿದಳು. "ಬ್ಯಾಡಕ್ಕ. ಈ ದಾರೀಲಿ ಹೋಯ್ತಿದ್ದೆ. ಬಸ್ಸಿಗೆ ಹೊತ್ತಾಯ್ತದೆ."

"ಹೆಸ್ರಾದ್ರೂ ಹೇಳೋಗು. ಯಾರು ಬಂದಿದ್ರು ಅಂತ ಹೇಳ್ಲಿ?"

ಗಂಗಾಮಣಿ ಖಾರಾಬೂಂದಿಯ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಒಳಗಿನಿಂದ ಗಂಟೆಯ ಸದ್ದು, ಟಿವಿಯ ಸದ್ದು, ಮಕ್ಕಳ ಕೂಗು ಕೇಳುತ್ತಿತ್ತು. ತುಂಬಿದ ಮನೆ. ಆ ಬಾಗಿಲಿನಿಂದ ಗುರುಶಾಂತಮ್ಮ ಈಗ ಹೊರಗೆ ಬಂದರೆ, ಈ ಕಣದ ಮೇಲೆ ನಿಂತು ತನ್ನನ್ನು ನೋಡಿದರೆ, ಅವರ ಮುಖ ಏನಾಗುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಅದನ್ನು ನೋಡುವುದು ಅವಳಿಂದ ಆಗದ ಕೆಲಸ.

"ಏನೂ ಹೇಳ್ಬ್ಯಾಡಿ ಅಕ್ಕ," ಎಂದು ತಿರುಗಿ ನಡೆದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಪೊಟ್ಟಣ ತೊಡೆಯ ಮೇಲಿತ್ತು. ಕಣವಿರುವ ಹೆಂಗಸು ಐದು ಸುಗ್ಗಿ ಚೀಲ ಹೊತ್ತಿದ್ದರು, ಕಂಡಕ್ಟರುಗಳ ಹತ್ತಿರ ಜಗಳವಾಡಿದ್ದರು, ಊರಿನವರ ನಗೆ ಸಹಿಸಿದ್ದರು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಅವಳು ಹೊರಗೆ ನೋಡುತ್ತಿದ್ದಳು. ಗುಡ್ಡ ಎತ್ತರವಾಗುತ್ತಾ ಬಂತು.

ಸಭೆಯ ದಿನ ಪುರಸಭೆಯ ಸಭಾಂಗಣ ತುಂಬಿತ್ತು. ನವೀನ್‌ಕುಮಾರ್ ಗೋಡೆಯ ಮೇಲೆ ಚಿತ್ರ ತೋರಿಸಿದರು. ರಿಪೇರಿ ಮಾಡಿ ಗಾಡಿಗೆ ಬಿಡಬಹುದು, ಅಥವಾ ಗಾಡಿ ನಿಲ್ಲಿಸಿ ಜನ ಕೂರುವ, ಅಡ್ಡಾಡುವ ಜಾಗ ಮಾಡಬಹುದು. ಅದೂ ಬೇಡವೆಂದರೆ ಕೆಡವಿ, ಹೊಳೆಗೆ ತಡೆಗೋಡೆ ಕಟ್ಟಿ, ನೆಲದ ಮೇಲೇ ರಸ್ತೆ ಮಾಡಬಹುದು. ಅವರ ಮಾತಿನಲ್ಲಿ ಗತ್ತಿರಲಿಲ್ಲ.

"ಉಳಿಸೋದಕ್ಕೆ ತುಂಬ ಖರ್ಚಿದೆ. ಬಳಸೋರಿದ್ರೆ ಮಾಡೋಣ. ಆದ್ರೆ ನಮ್ಮವರು ಬಂದು ಎಣಿಸಿದಾಗ ದಿನಕ್ಕೆ ಹತ್ತು ಜನಾನೂ ಓಡಾಡಿಲ್ಲ. ನನಗೂ ಆಶ್ಚರ್ಯ ಆಯ್ತು. ಈ ರಸ್ತೆ ಬೇಕು ಅನ್ನೋರು ಯಾರಾದ್ರೂ ಇದ್ದೀರಾ?"

ಕಾಫಿ ಹರವುವವರೆಲ್ಲ ಅಲ್ಲೇ ಇದ್ದರು. ಕೆಲವರು ಚಪ್ಪಲಿ ನೋಡಿಕೊಂಡರು. ಸೋಮಯ್ಯ ಬಾಯಿ ತೆರೆದು ಮುಚ್ಚಿದರು. ಬೇಕು ಎಂದರೆ ಯಾತಕ್ಕೆ ಎಂದು ಕೇಳುತ್ತಾರೆ, ಯಾತಕ್ಕೆ ಎಂದರೆ ಏನು ಹೇಳುವುದು?

ಹಿಂದಿನ ಸಾಲಿನಲ್ಲಿ ಗಂಗಾಮಣಿ ಎದ್ದು ನಿಂತಿದ್ದಳು. ಯಾವಾಗ ಎದ್ದಳೆಂದು ಅವಳಿಗೇ ತಿಳಿಯಲಿಲ್ಲ.

"ಬೇಕು," ಎಂದಳು.

ಎಲ್ಲರ ತಲೆಯೂ ತಿರುಗಿತು. "ಹೇಳಮ್ಮ," ಎಂದರು ನವೀನ್‌ಕುಮಾರ್. "ಯಾತಕ್ಕೆ ಬೇಕು?"

ಕಾಫಿ ಎನ್ನುವ ಹಾಗಿಲ್ಲ, ಅಷ್ಟೂ ಜನ ಸಿಕ್ಕಿಬೀಳುತ್ತಾರೆ. ಗುರುಶಾಂತಮ್ಮ ಎನ್ನುವ ಹಾಗೆ ಮೊದಲೇ ಇಲ್ಲ.

"ಅಲ್ಲಿ ಬಿಸಿಲು ಬೀಳ್ತದೆ ಸಾರ್."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. "ಬಿಸಿಲಿಗೇನವ್ವ ರಸ್ತೆ ಬೇಕಾ?" ಎಂದು ಯಾರೋ ಕೂಗಿದರು. ನವೀನ್‌ಕುಮಾರ್ ಮಾತ್ರ ನಗಲಿಲ್ಲ.

"ನಿಮ್ಮ ಮನೆ ಎಲ್ಲಿ?"

"ಅದರ ಅಡೀಲೇ. ಗಲ್ಲೀಲಿ."

"ಹಾಗಾದ್ರೆ ಕೇಳಿ. ಆ ಗಲ್ಲಿಗೆ ಇಷ್ಟು ವರ್ಷ ಬಿಸಿಲು ಬರದೇ ಇರೋದು ಮೇಲಿನ ರಸ್ತೆಯಿಂದಾನೇ. ಅದು ಹೋದ್ರೆ ನಿಮ್ಮ ಬಾಗಿಲಿಗೇ ಬರುತ್ತೆ."

ಗಲ್ಲಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅವರದು ತಪ್ಪಲ್ಲ. ಬಟ್ಟೆ ಒಣಗದೆ, ಗೋಡೆಗೆ ಪಾಚಿ ಹಿಡಿದು, ಮಕ್ಕಳಿಗೆ ಕೆಮ್ಮು ಬಿಡದೆ ಇದ್ದವರು. ಗಂಗಾಮಣಿಯ ಗೋಡೆಗೂ ಪಾಚಿ ಹಿಡಿದಿತ್ತು. ಅವಳು ಕೂತಳು.

ಹೊರಗೆ ಬರುವಾಗ ಸೋಮಯ್ಯ ಪಕ್ಕಕ್ಕೆ ಬಂದರು.

"ನೀನು ಅವತ್ತು ಹೇಳಿದ್ದೆ ಕಣವ್ವ," ಎಂದರು. "ಜನಾನ ಎಣಿಸ್ತಾವ್ರೆ ಅಂತ. ನಾನೇ ತಲೆ ಓಡಿಸ್ಬುಟ್ಟೆ."

ಈ ಸಲ ಅವರು ರೈಟ್ ಎನ್ನಲಿಲ್ಲ.

ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ಯಂತ್ರಗಳು ಬಂದವು. ಹಾಸುಗಳನ್ನು ಒಂದೊಂದಾಗಿ ಕತ್ತರಿಸಿ ಇಳಿಸಿದರು. ಕಂಬದ ಬುಡದ ಮರಳೆಲ್ಲ ಚಕ್ರದ ಗುರುತು, ಸಸಿ ಹುಟ್ಟಲು ಜಾಗವಿರಲಿಲ್ಲ. ಸಣ್ಣ ಹಿಡುವಳಿಯವರು ಹಣ್ಣನ್ನು ಹಸಿಯಾಗಿಯೇ ವ್ಯಾಪಾರಿಗಳಿಗೆ ಕೊಡತೊಡಗಿದರು. ಕಾವಲಿನ ಕೆಲಸ ತಾನಾಗಿಯೇ ನಿಂತುಹೋಯಿತು. ಗಂಗಾಮಣಿ ವರ್ಷಪೂರ್ತಿ ಕ್ಯೂರಿಂಗಿಗೇ ಹೋದಳು.

ಇಂಜಿನಿಯರು ಹೇಳಿದ್ದು ಸುಳ್ಳಾಗಲಿಲ್ಲ. ಮಂಜು ಎದ್ದ ಮೇಲೆ ಗಲ್ಲಿಗೆ ಬಿಸಿಲು ಬಂತು. ಮೊದಲ ದಿನ ಹೆಂಗಸರೆಲ್ಲ ಹಾಸಿಗೆ, ಕಂಬಳಿ ತಂದು ಹರವಿ, ಹಬ್ಬದ ಹಾಗೆ ಓಡಾಡಿದರು. ಗಂಗಾಮಣಿ ತನ್ನ ಹೊಸಿಲ ಮೇಲೆ ಕೂತು ಪಾದಗಳನ್ನು ಬಿಸಿಲಿಗೆ ಚಾಚಿದಳು. ಪಾದ ಬೆಚ್ಚಗಾಯಿತು. ಅಷ್ಟೇ.

ಪುಷ್ಯದ ಒಂದು ಭಾನುವಾರ, ಗಲ್ಲಿಯ ಬಾಯಲ್ಲಿ ಜಗಳದ ಸದ್ದು ಕೇಳಿತು. ಆಟೊದವನಿ‌ಗೂ ಒಬ್ಬ ಹೆಂಗಸಿಗೂ. ಆ ದನಿ ಕೇಳಿ ಅವಳ ಕೈಯಲ್ಲಿದ್ದ ಪೊರಕೆ ಹಾಗೇ ನಿಂತಿತು.

"ಇಷ್ಟು ದೂರಕ್ಕೆ ಅಷ್ಟಾ? ನಿಮ್ಮಪ್ಪನ ಕಾಲದಾಗೆ ನಡ್ಕೊಂಡೇ ಬರ್ತಿದ್ದೆ ಕಣ್ಲಾ ನಾನು!" ಗುರುಶಾಂತಮ್ಮ ಬರುತ್ತಿದ್ದರು. ಕಂಕುಳಲ್ಲಿ ಒಂದು ಸಣ್ಣ ಚೀಲ. ಮೊದಲಿನ ಗೋಣಿಯಲ್ಲ, ಅಕ್ಕಿಯ ಚೀಲದಷ್ಟು. ಖಾಲಿ ಆಕಾಶವನ್ನು ತಲೆಯೆತ್ತಿ ನೋಡುತ್ತಾ ಬಂದು ಹೊಸಿಲ ಮುಂದೆ ನಿಂತರು.

"ಎಲ್ಲ ಬೋಳು ಮಾಡ್ಬುಟ್ರಲ್ಲೇ ಮಗಾ. ಈಗ ಇದನ್ನೆಲ್ಲಿ ಹಾಕಾದು?"

"ಇಲ್ಲೇ ದೊಡ್ಡಮ್ಮ," ಎಂದಳು ಗಂಗಾಮಣಿ. "ಇಲ್ಲೂ ಬಿಸಿಲು ಬರ್ತದೆ ಈಗ."

ಅವಳು ಟಾರ್ಪಾಲು ತಂದು ಬಾಗಿಲ ಮುಂದೆ ಹಾಸಿದಳು. ಚೀಲದ ಬಾಯಿ ಬಿಚ್ಚಿ ಸುರಿದಳು. ಸುರಿಯುವ ಸದ್ದಿಗೇ ತಿಳಿಯಿತು. ಆದರೂ ಒಂದು ಮುಷ್ಟಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಿಲಗಿಲ ಎಂದಿತು. ಆಲೂರಿನ ಬಿಸಿಲಿನಲ್ಲಿ, ನೆರಳು ಬೀಳದ ಕಣದ ಮೇಲೆ, ಚೆನ್ನಾಗಿ ಒಣಗಿದ ಕಾಫಿ.

ಗುರುಶಾಂತಮ್ಮ ಬೇರೆ ಕಡೆ ನೋಡುತ್ತಿದ್ದರು.

"ಹಲಸಿನ ನೆರಳು ನೋಡು," ಎಂದರು. "ಸರಿಯಾಗಿ ಒಣಗೇ ಇಲ್ಲ. ಅಲ್ವಾ?"

"ಹೂಂ ದೊಡ್ಡಮ್ಮ. ಇನ್ನೂ ಹಸಿ ಐತೆ."

"ಅದಕ್ಕೇ ತಂದೆ."

ಇಬ್ಬರೂ ಹೊಸಿಲ ಮೇಲೆ ಕೂತರು. ಸೆರಗಿನ ಗಂಟಿನಿಂದ ರೊಟ್ಟಿ ಬಂತು. ಸಂಜೆಯ ಬಸ್ಸಿಗೆ ಗುರುಶಾಂತಮ್ಮ ಎದ್ದರು. ಈ ಸಲ ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಾಫಿಯನ್ನು ಅಲ್ಲೇ ಬಿಟ್ಟರು.

"ಮುಂದಿನ ವಾರ ಬತ್ತೀನಿ, ಮನೇಲಿ ಬುಟ್ರೆ. ಅಲ್ಲೀಗಂಟ ತಿರುವಿ ಹಾಕ್ತಿರು. ಬೂಷ್ಟು ಹಿಡಿದಾತು."

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರ ಗಂಗಾಮಣಿ ಕಾಫಿಯನ್ನು ಮತ್ತೆ ಹರವಿದಳು. ಆ ದಾರಿಯಲ್ಲಿ ಬಂದ ಸೋಮಯ್ಯ ಬಗ್ಗಿ ನಾಲ್ಕು ಕಾಳು ಎತ್ತಿ ಹಲ್ಲಿನಲ್ಲಿ ಕಚ್ಚಿ ನೋಡಿದರು.

"ಇದೇನವ್ವ, ಒಣಗಿ ಕಲ್ಲಾಗೈತೆ! ಇನ್ನೂ ಹಾಕುದ್ರೆ ತೂಕ ಹೋಯ್ತದೆ."

"ಹೋಗ್ಲಿ ಬುಡಿ," ಎಂದಳು ಗಂಗಾಮಣಿ.

ಗಲ್ಲಿಯ ಬಿಸಿಲು ಒಂದೇ ಕಡೆ ಬಹಳ ಹೊತ್ತು ನಿಲ್ಲುವುದಿಲ್ಲ. ಅವಳ ಬಾಗಿಲು ದಾಟಿ ಪಕ್ಕದ ಬಾಗಿಲಿಗೆ ಸರಿಯುತ್ತಿತ್ತು. ಅವಳು ಟಾರ್ಪಾಲಿನ ಎರಡು ಮೂಲೆ ಹಿಡಿದು ಬಿಸಿಲಿನ ಜೊತೆಗೇ ಎಳೆದುಕೊಂಡು ಹೋದಳು. ಹಲಗೆಯಿಂದ ಕಾಫಿ ತಿರುವಿದಳು. ಆಲೂರಿನ ಬಸ್ಸು ಬರುವ ಹೊತ್ತಾಗಿತ್ತು.